ಸಿ. ಎನ್. ಆರ್. ರಾವ್ ಮತ್ತು ಸಂಕ್ರಮಣ ಲೋಹಗಳ ರಸಾಯನ ವಿಜ್ಞಾನ

ಭಾರತದಲ್ಲಿ ಘನಸ್ಥಿತಿ ರಸಾಯನ ವಿಜ್ಞಾನಕ್ಕೆ ನೆಲೆ ಒದಗಿಸಿದ ಚಿಂತಾಮಣಿ ನಾಗೇಶ ರಾಮಚಂದ್ರ ರಾವ್ 1934ರ ಜೂನ್ 30ರಂದು ದಕ್ಷಿಣ ಬೆಂಗಳೂರಿನ ಬಸವನಗುಡಿಯಲ್ಲಿ ಹುಟ್ಟಿದರು. ಅಲ್ಲಿನ ಆಚಾರ್ಯ ಪಾಠಶಾಲೆ, ಸೆಂಟ್ರಲ್ ಕಾಲೇಜು, ಕಾಶಿ ಹಿಂದೂ ವಿಶ್ವವಿದ್ಯಾಲಯಗಳಲ್ಲಿ ಓದಿ, 1958ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. ಕಾನ್ಪುರ ಐಐಟಿಯಲ್ಲಿದ್ದು, 1976ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ಹಳೆಯ ಬೆಂಗಳೂರಿಗರ ಟಾಟಾ ಇನ್‌ಸ್ಟಿಟ್ಯೂಟಿಗೆ, ಮರಳಿ ಘನಸ್ಥಿತಿ ಮತ್ತು ರಚನಾ ರಸಾಯನ ವಿಜ್ಞಾನ ಘಟಕವನ್ನು ಕಟ್ಟಿದರು.

ಅವರನ್ನು ದಶಕಗಳ ಕಾಲ ಹಿಡಿದಿಟ್ಟದ್ದು ಸಂಕ್ರಮಣ ಲೋಹಗಳ ಆಕ್ಸೈಡುಗಳು. ಲ್ಯಾಂಥನಮ್ ಮತ್ತು ಆಮ್ಲಜನಕವನ್ನು ಹಾಗೆಯೇ ಇಟ್ಟು, ಜೊತೆಗಿರುವ ಲೋಹವನ್ನಷ್ಟೇ ಬದಲಿಸಿದರೂ ವಸ್ತುವಿನ ಸ್ವಭಾವ ಪೂರ್ತಿ ಬೇರೆಯಾಗುತ್ತದೆ. ನಿಕ್ಕಲ್ ಇದ್ದರೆ ಅದು ಲೋಹದಂತೆಯೇ ವಿದ್ಯುತ್ತನ್ನು ಹರಿಸುತ್ತದೆ. ಮ್ಯಾಂಗನೀಸ್ ಇದ್ದರೆ ತಡೆಯುತ್ತದೆ. ಕೋಬಾಲ್ಟ್ ಇದ್ದರೆ ಬಿಸಿ ಏರಿದಂತೆ ಕಾಂತೀಯ ಗುಣವೇ ಮಾರ್ಪಡುತ್ತದೆ. ಲೋಹದ ಡಿ-ಕಕ್ಷಕದ ಎಲೆಕ್ಟ್ರಾನುಗಳು ಒಂದೆಡೆ ನಿಲ್ಲುತ್ತವೆಯೋ, ಸ್ಫಟಿಕದುದ್ದಕ್ಕೂ ಓಡಾಡುತ್ತವೆಯೋ ಎಂಬುದರ ಮೇಲೆ ಇದೆಲ್ಲ ನಿಂತಿದೆ.

ಇಂಥ ಆಕ್ಸೈಡುಗಳನ್ನು ತಯಾರಿಸುವುದು ತಾಳ್ಮೆಯ ಕೆಲಸ. ಪುಡಿಗಳನ್ನು ಅಗೇಟ್ ಕಲ್ಲಿನ ಒರಳಲ್ಲಿ ಅರೆದು, ಬಿಲ್ಲೆಯಾಗಿ ಒತ್ತಿ, ಸಾವಿರ ಡಿಗ್ರಿ ದಾಟಿದ ಕುಲುಮೆಯಲ್ಲಿ ದಿನಗಟ್ಟಲೆ ಕಾಯಿಸಿ, ಹೊರತೆಗೆದು ಮತ್ತೆ ಅರೆಯಬೇಕು. ಒಂದೊಂದು ಕಣವೂ ಕೆಲವು ಮೈಕ್ರಾನ್ ದಪ್ಪವಿರುವುದರಿಂದ ಲೋಹದ ಅಯಾನುಗಳು ಒಂದರಿಂದ ಇನ್ನೊಂದಕ್ಕೆ ನಿಧಾನವಾಗಿ ಸಾಗುತ್ತವೆ. ರಾವ್ ಮತ್ತು ಜೆ. ಗೋಪಾಲಕೃಷ್ಣನ್ ಅವರ ಗುಂಪು 1980ರ ದಶಕದಲ್ಲಿ ಇದಕ್ಕೊಂದು ಉಪಾಯ ಹೂಡಿತು. ಕ್ಯಾಲ್ಸಿಯಂ, ಕಬ್ಬಿಣ, ಮ್ಯಾಂಗನೀಸುಗಳ ಕಾರ್ಬೊನೇಟುಗಳಿಗೆ ಒಂದೇ ಬಗೆಯ ಸ್ಫಟಿಕ ರಚನೆ ಇರುವುದರಿಂದ, ಬೇಕಾದ ಲೋಹಗಳನ್ನು ಮೊದಲೇ ಒಂದೇ ಕಾರ್ಬೊನೇಟಿನಲ್ಲಿ ಸೇರಿಸಿ ಕಾಯಿಸಿದರು. ಅಯಾನುಗಳು ಅಕ್ಕಪಕ್ಕದಲ್ಲೇ ಇದ್ದುದರಿಂದ ಕಡಿಮೆ ಬಿಸಿಯಲ್ಲೇ ಆಕ್ಸೈಡು ಸಿದ್ಧವಾಯಿತು. ಪ್ರಶಸ್ತಿಗಳ ಸುದ್ದಿಯಲ್ಲಿ ಮರೆಯಾಗುವ ಈ ಕೆಲಸವೇ ಅವರ ರಸಾಯನಜ್ಞತೆಗೆ ನಿಜವಾದ ಸಾಕ್ಷಿ.

ಲ್ಯಾಂಥನಮ್ ಮತ್ತು ತಾಮ್ರದ ಆಕ್ಸೈಡನ್ನು ಅವರು ಪಿ. ಗಂಗೂಲಿ ಜೊತೆ ಆಗಲೇ ಅಭ್ಯಸಿಸಿದ್ದರು. 1986ರಲ್ಲಿ ಜ್ಯೂರಿಕ್‌ನ ಬೆಡ್ನೋರ್ಜ್ ಮತ್ತು ಮುಲ್ಲರ್ ಅದೇ ಕುಟುಂಬದ ವಸ್ತುವಿನಲ್ಲಿ ಅತಿವಾಹಕತೆ ಕಂಡರು. ಇದೇ ಗುಣದ ಇಟ್ರಿಯಮ್, ಬೇರಿಯಮ್, ತಾಮ್ರಗಳ ಆಕ್ಸೈಡಿನ ಬಗ್ಗೆ ಬೆಂಗಳೂರಿನ ರಾವ್ ಗುಂಪಿನ ವರದಿ 1987ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬಂತು.

ಸಾವಯವ-ಲೋಹ ರಸಾಯನ ವಿಜ್ಞಾನದ ನಂಟು ತಡವಾಗಿ, ಇನ್ನೊಂದು ದಾರಿಯಿಂದ ಬಂತು. ಆ ಕ್ಷೇತ್ರದ ಚಿತ್ರವನ್ನೇ ಬದಲಿಸಿದ್ದು 1951ರಲ್ಲಿ ವರದಿಯಾದ ಫೆರೊಸೀನ್: ಐದೈದು ಇಂಗಾಲದ ಎರಡು ಉಂಗುರಗಳ ನಡುವೆ ಕಬ್ಬಿಣದ ಪರಮಾಣು ಕೂತಿರುವ ಕಿತ್ತಳೆ ಬಣ್ಣದ ಪುಡಿ. ಈ ಬಗೆಯ ಸಂಯುಕ್ತಗಳ ಅಧ್ಯಯನಕ್ಕೆ ಫಿಷರ್ ಮತ್ತು ವಿಲ್ಕಿನ್ಸನ್ 1973ರ ನೊಬೆಲ್ ಪಡೆದರು. ರಾವ್ ಗುಂಪು 1997ರಲ್ಲಿ ಫೆರೊಸೀನನ್ನು ಆವಿಯಾಗಿಸಿ, ಆರ್ಗಾನ್ ಮತ್ತು ಹೈಡ್ರೋಜನ್ ಹರಿವಿನಲ್ಲಿ ಸುಮಾರು 900 ಡಿಗ್ರಿಯ ಕುಲುಮೆಗೆ ಕಳಿಸಿತು. ಅಣು ಒಡೆದು ಕಬ್ಬಿಣದ ನ್ಯಾನೊ ಕಣಗಳಾದವು. ಅವೇ ಕ್ರಿಯಾವರ್ಧಕಗಳಾಗಿ ಇಂಗಾಲದ ನ್ಯಾನೊ ಕೊಳವೆಗಳನ್ನು ಬೆಳೆಸಿದವು. ಲೋಹವೂ ಇಂಗಾಲವೂ ಒಂದೇ ಅಣುವಿನಿಂದ ಬಂದದ್ದು ಇದರ ಚೆಂದ. ಅಸಿಟಿಲೀನ್ ಬೆರೆಸಿದಾಗ ಒಂಟಿ ಗೋಡೆಯ ಕೊಳವೆಗಳೂ ದೊರೆತವು. ಹಾಗೆಂದು ರಾವ್ ಅವರನ್ನು ಸಾವಯವ-ಲೋಹ ರಸಾಯನಜ್ಞ ಎನ್ನುವುದು ಸರಿಯಲ್ಲ. ಅವರಿಗೆ ಆ ಸಂಯುಕ್ತಗಳು ಸಾಧನ ಮಾತ್ರ.

2014ರಲ್ಲಿ ಅವರಿಗೆ ಭಾರತ ರತ್ನ ಪ್ರದಾನವಾಯಿತು. ಅವರ ಆಕ್ಸೈಡುಗಳ ಲೋಕವನ್ನು ಹೊಗಬಯಸುವವರು ಫ್ರಾನ್ಸಿನ ರಾವೋ ಜೊತೆ ಬರೆದ ‘ಟ್ರಾನ್ಸಿಷನ್ ಮೆಟಲ್ ಆಕ್ಸೈಡ್ಸ್’ (1995) ಗ್ರಂಥದಿಂದ ಶುರುಮಾಡುವುದು ಒಳ್ಳೆಯದು.