ಡಿಸ್ನಿಲ್ಯಾಂಡಿನ ಹೊಸ ಓಣಿಗಳು, ಹಳೇ ಜಗಳ

ಕ್ಯಾಲಿಫೋರ್ನಿಯಾದಾಗ ಇರೋ ಮಗಳ ಮನಿಗೆ ಹೋದಾಗ ಒಂದ ರಾತ್ರಿ ಊಟಕ್ಕ ಕೂತಲ್ಲೆ ಗಂಡ ಹೆಂಡ್ತಿ ನಡುವ ವಾದ ಶುರು ಆತು. ರೊಕ್ಕದ ವಿಷಯ ಅಲ್ಲ, ಅತ್ತಿ ಮನಿ ವಿಷಯಾನೂ ಅಲ್ಲ. ಡಿಸ್ನಿಲ್ಯಾಂಡಿನೊಳಗ 2019ರಾಗ ತಗದ ‘ಸ್ಟಾರ್ ವಾರ್ಸ್: ಗ್ಯಾಲಕ್ಸೀಸ್ ಎಡ್ಜ್’ ಅನ್ನೋ ಜಾಗಾ ಛಲೋ ಅದನೋ ಇಲ್ಲೋ ಅಂತ! ಅಳಿಯಂದ್ರು “ಇಂಥಾದ್ದು ಯಾರೂ ಕಟ್ಟಿಲ್ಲ” ಅಂತಾರ, ಮಗಳು “ಹೇಳಿದ್ದರಾಗ ಅರ್ಧಾನೂ ಕೊಟ್ಟಿಲ್ಲ” ಅಂತಾಳ. ಸಾರು ಆರಿ ತಣ್ಣಗಾತು. ಇಬ್ರೂ ಕಲತವರು, ನೌಕರಿ ಮಾಡೋರು, ಆಟದ ಜಾಗಾದ ಸಲುವಾಗಿ ಇಷ್ಟ್ಯಾಕ ಸಿಟ್ಟಿಗೇಳ್ತಾರ ಅಂತ ನನಗ ನಗು ಬಂತು. ಮರುದಿವಸದಿಂದ ಮಗಳ ಮನ್ಯಾಗಿದ್ದ ಪುಸ್ತಕ ಹಿಡಕೊಂಡು ಕೂತೆ. ಈ ಜಗಳ ಡಿಸ್ನಿಲ್ಯಾಂಡಿನಷ್ಟ ಹಳೇದು ಅಂತ ಆಮ್ಯಾಲೆ ಗೊತ್ತಾತು.

ನೋಡದವರಿಗೆ ಒಂದು ಮಾತು. ಡಿಸ್ನಿಲ್ಯಾಂಡ್ ಅಂದ್ರ ತೊಟ್ಟಿಲು, ಜೋಕಾಲಿ ಸಾಲಾಗಿ ನಿಲ್ಲಿಸಿದ ಜಾತ್ರಿ ಅಲ್ಲ. ಇಡೀ ಜಾಗಾನ ಓಣಿ ಓಣಿ ಮಾಡ್ಯಾರ, ಒಂದೊಂದಕ್ಕ ‘ಲ್ಯಾಂಡ್’ ಅಂತಾರ. ಒಂದು ಓಣಿ ಹೊಕ್ಕರ ಅಲ್ಲಿನ ಮನಿ, ಹಾಡು, ತಿನಿಸು, ಕೆಲಸದವರ ಅರಿವಿ, ಕಡೀಕ ಕಸದ ಡಬ್ಬಿ ಸುದ್ದಾ ಆ ಕಥಿಗೆ ಹೊಂದಬೇಕು. ಇದು ವಾಲ್ಟ್ ಡಿಸ್ನಿ ಹಾಕಿಕೊಟ್ಟ ಲೆಕ್ಕ.

ಅನಾಹೈಮ್ ಅನ್ನೋ ಊರಾಗ 160 ಎಕರೆ ಕಿತ್ತಳೆ ತ್ವಾಟ ತೊಗೊಂಡು, ಒಂದ ವರ್ಷದಾಗ 1 ಕೋಟಿ 70 ಲಕ್ಷ ಡಾಲರ್ ಸುರದು ಕಟ್ಟಿದ್ರು. ರೊಕ್ಕ ಸಾಲಲಿಲ್ಲ ಅಂತ ಎಬಿಸಿ ಟೆಲಿವಿಷನ್ ಕಂಪನಿ ಜೋಡಿ ಕರಾರು ಆತು. ಅವರು ಬಂಡವಾಳ ಹಾಕೋದು, ಸಾಲಕ್ಕ ಜಾಮೀನು ನಿಲ್ಲೋದು, ವಾಲ್ಟ್ ಅವರಿಗೆ ವಾರಕ್ಕೊಂದು ಕಾರ್ಯಕ್ರಮ ಮಾಡಿ ಕೊಡೋದು. 1954ರ ಅಕ್ಟೋಬರ್‌ದಾಗ ಶುರುವಾದ ಆ ಕಾರ್ಯಕ್ರಮದ ಹೆಸರೂ ‘ಡಿಸ್ನಿಲ್ಯಾಂಡ್’. ಅಂದ್ರ ಗ್ವಾಡಿ ಏಳೂಕಿಂತ ಮೊದಲ ಮನಿ ಮನ್ಯಾಗ ಹುಡುಗುರು ಅದನ್ನ ನೋಡೇ ಬಿಟ್ಟಿದ್ರು. ಅಂಗೈಯಾಗ ಆಕಾಶ ತೋರಿಸೋ ವಿದ್ಯಾ ಅವತ್ತ ಹುಟ್ಟಿತು ಅನ್ನಬಹುದು.

1955ರ ಜುಲೈ 17, ಆದಿತ್ಯವಾರ. ಖೋಟಾ ತಿಕೀಟು ಹಿಡಕೊಂಡವರೂ ಸೇರಿ ಸುಮಾರು 28,000 ಮಂದಿ ನುಗ್ಗಿದ್ರು. ಬಿಸಲು ಹೆಂಗಿತ್ತಂದ್ರ ಹೊಸಾ ಡಾಂಬರದಾಗ ಹೆಣ್ಣಮಕ್ಕಳ ಚಪ್ಪಲಿ ಹಿಮ್ಮಡ ಹುಗದು ಹೋದ್ವು. ಅದರಾಗ ನಳದ ಕೆಲಸದವರ ಮುಷ್ಕರ ನಡದಿತ್ತು. ಕುಡಿಯೋ ನೀರಿನ ನಳ ಎಲ್ಲಾ ಮುಗಸೋದೋ, ಪಾಯಖಾನಿ ಮುಗಸೋದೋ ಅನ್ನೋ ಪ್ರಶ್ನೆ ಬಂದಾಗ ವಾಲ್ಟ್ ಪಾಯಖಾನಿ ಅಂದ. ಮನಿ ನಡಸೋ ಯಾವ ಹೆಣ್ಣಮಗಳೂ ಅದನ್ನ ಹೇಳತಿದ್ಲು. ಆದ್ರ ಮಂದಿ ಅಂದದ್ದೇನು, ಪೆಪ್ಸಿ ಮಾರಲಿಕ್ಕ ನೀರು ಬಂದ್ ಮಾಡ್ಯಾರ ಅಂತ! ಇದೆಲ್ಲಾ ನಡದಾಗ ಟೀವಿಯೊಳಗ ನೇರ ಪ್ರಸಾರ ಇತ್ತು, ನಿರೂಪಕರ ಪೈಕಿ ಮುಂದ ರಾಷ್ಟ್ರಪತಿ ಆದ ರೊನಾಲ್ಡ್ ರೇಗನ್ ಒಬ್ಬ. ಮನ್ಯಾಗ ಕೂತು ನೋಡಿದವರಿಗೆ ಎಲ್ಲಾ ಥಳಕು ಬಳುಕು, ಅಲ್ಲೆ ನಿಂತವರಿಗೆ ಬಾಯಿ ಒಣಗಿದ್ದು. ನನಗಂತೂ ಮಗಳು ಅಳಿಯಂದ್ರ ವಾದ ಇಲ್ಲೇ ಹುಟ್ಟೇದ ಅನಸ್ತದ.

ಆದ್ರ ಏಳು ವಾರದಾಗ ಹತ್ತು ಲಕ್ಷ ಮಂದಿ ಬಂದು ಹೋದ್ರು, ಅದೂ ಖರೆ.

ಅವತ್ತ ಭಾಳ ಬೈಸ್ಕೊಂಡ ಓಣಿ ‘ಟುಮಾರೋಲ್ಯಾಂಡ್’, ನಾಳಿನ ಜಗತ್ತು. ಅರ್ಧಂಬರ್ಧ ಆಗಿತ್ತು, ಬಲೂನು ಬಾವುಟ ಕಟ್ಟಿ ಮುಚ್ಚಿದ್ರು. ಉಳಿದ ಜಾಗಾದಾಗ ಕಂಪನಿಗಳ ಮಳಗಿ, ಅಲ್ಯುಮಿನಿಯಂದು ಒಂದು, ರಸಾಯನದ್ದು ಒಂದು. ಮುಂದಿನ ವರ್ಷ ‘ನಾಳಿನ ಬಚ್ಚಲಮನಿ’ ಅಂತಾನೂ ಒಂದು ಬಂತು. 1957ರಾಗ ‘ಭವಿಷ್ಯದ ಮನಿ’ ಕಟ್ಟಿದ್ರು, ಪೂರ್ತಿ ಪ್ಲಾಸ್ಟಿಕ್ಕಿಂದು, ಅಡಗಿಮನ್ಯಾಗ ಮೈಕ್ರೋವೇವ್ ಒಲಿ. ಹತ್ತು ವರ್ಷಕ್ಕ ಅದನ್ನ ಕೆಡವಲಿಕ್ಕ ಹೋದ್ರ ದೊಡ್ಡ ಕಬ್ಬಿಣದ ಗುಂಡು ಬಡದು ಪುಟಿದು ವಾಪಸ್ ಬರಲಿಕ್ಕತ್ತು. ಒಂದ ದಿನದ ಕೆಲಸಕ್ಕ ಎರಡು ವಾರ ಹಿಡೀತು. ಆ ಟುಮಾರೋಲ್ಯಾಂಡ್ ತೋರಿಸಬೇಕಂತ ಇದ್ದದ್ದು 1986ನೇ ಇಸವಿ. 1986ರಾಗ ನಾನು ಸಾಲಿಗೆ ಹೋಗತಿದ್ದೆ, ನಮ್ಮನ್ಯಾಗ ಸೀಮೆಎಣ್ಣಿ ಸ್ಟೋವ್ ಮ್ಯಾಲೆ ಚಹಾ ಕಾಯತಿತ್ತು.

ನಾಳೆ ಅನ್ನೋದನ್ನ ಕಟ್ಟಿ ಇಟ್ಟರ ಅದು ಹಳೇದಾಗದ ಬಿಡೂದಿಲ್ಲ. ಅದಕ್ಕ 1967ರಾಗ ಎಲ್ಲಾ ತಗದು ಹೊಸದು ಮಾಡಿದ್ರು. 1998ರಾಗ ಮತ್ತ ಮಾಡಿದ್ರು, ಈ ಸಲ ಬಿಳಿ ಹೋಗಿ ಕಂದು, ಬಂಗಾರದ ಬಣ್ಣ ಬಂತು. ಮೆತ್ತಗ ತೇಲಿಕೋತ ಹೋಗತಿದ್ದ ಹಳೇ ಪೀಪಲ್‌ಮೂವರ್ ಗಾಡಿ ಹಳಿ ಮ್ಯಾಲೆನ ‘ರಾಕೆಟ್ ರಾಡ್ಸ್’ ಅಂತ ಜೋರಾಗಿ ಓಡೋ ಗಾಡಿ ಬಿಟ್ರು. ತಿರುವಿನ್ಯಾಗ ಹಳಿ ವಾಲಿರಲಿಲ್ಲ, ಪ್ರತಿ ತಿರುವಿಗೂ ನಿಧಾನ ಆಗಬೇಕು, ಮತ್ತ ಜೋರು, ಮತ್ತ ನಿಧಾನ. ಮ್ಯಾಲಿಂದ ಮ್ಯಾಲೆ ಕೆಟ್ಟು ನಿಂತು 2000ದಾಗ ಬಂದ್ ಆತು. ಆ ಹಳಿ ಇವತ್ತಿಗೂ ಖಾಲಿ ನಿಂತದ, ತಲಿ ಮ್ಯಾಲೆ ಕಾಣ್ತದ. ಹಳೇ ಅಭಿಮಾನಿಗಳು ಅದರ ಕೆಳಗ ಹಾಯುವಾಗ ಒಮ್ಮೆ ಮ್ಯಾಲೆ ನೋಡೇ ಹೋಗ್ತಾರಂತ, ಮಗಳು ಹೇಳಿದ್ದು.

ಇದಕ್ಕಿಂತ ದೊಡ್ಡ ಗದ್ದಲ 2001ರದು. ಡಿಸ್ನಿಲ್ಯಾಂಡಿನ ಗಾಡಿ ನಿಲ್ಲಸೋ ಬಯಲಿನ್ಯಾಗ ಸುಮಾರು 60 ಕೋಟಿ ಡಾಲರ್‌ದಾಗ ‘ಕ್ಯಾಲಿಫೋರ್ನಿಯಾ ಅಡ್ವೆಂಚರ್’ ಅಂತ ಎರಡನೇ ಪಾರ್ಕು ತಗದ್ರು. ಕ್ಯಾಲಿಫೋರ್ನಿಯಾದಾಗ ನಿಂತವರಿಗೆ ಕ್ಯಾಲಿಫೋರ್ನಿಯಾದ ನಕಲು! ಬಾಗಲದಾಗ ಗೋಲ್ಡನ್ ಗೇಟ್ ಸೇತುವಿದೊಂದು ಸಣ್ಣ ರೂಪ, ಒಳಗ ಅಂಗಡಿ ಹೆಸರಿನ್ಯಾಗೆಲ್ಲಾ ಶಬ್ದದ ಚೇಷ್ಟಿ, ಸಣ್ಣ ಹುಡುಗುರಿಗೆ ಆಟ ಕಡಿಮಿ. ಪ್ರಚಾರ ಆಕಾಶಕ್ಕ ಮುಟ್ಟಿತ್ತು, ಮಂದಿ ಬರಲಿಲ್ಲ. ಹಳೇ ಅಭಿಮಾನಿಗಳು ಅಗ್ಗದ ಕೆಲಸ, ಡಿಸ್ನಿ ಹೆಸರಿಗೆ ಕಪ್ಪುಚುಕ್ಕಿ ಅಂತ ವರ್ಷಗಟ್ಟಲೆ ಬರದ್ರು, ಬೈದ್ರು. ಇವರಿಗೆ ಬ್ಯಾರೆ ಕೆಲಸಿಲ್ಲೇನು ಅಂತ ನಕ್ಕವರೂ ಇದ್ರು. ಆದ್ರ 2007ರಾಗ ಕಂಪನಿನ 110 ಕೋಟಿ ಡಾಲರ್ ಹಾಕಿ ತಿದ್ದತೀವಿ ಅಂತು, ಕಟ್ಟಿದ್ದಕ್ಕಿಂತ ಹೆಚ್ಚು ರೊಕ್ಕ. 2012ರಾಗ ‘ಕಾರ್ಸ್ ಲ್ಯಾಂಡ್’ ಬಂತು. 12 ಎಕರೆದಾಗ ಸಿನಿಮಾದಾಗಿನ ಊರ ಎದ್ದು ನಿಂತಂಗ, ಹಿಂದ ಕೆಂಪು ಗುಡ್ಡ, ಸಂಜಿಗೆ ಅಂಗಡಿಗಳ ಬಣ್ಣದ ದೀಪ. ಬೈದವರ ಹೋಗಿ ಮೊದಲು ಪಾಳಿ ಹಚ್ಚಿದ್ರು. ಬೈಯೋರು ವೈರಿಗಳಲ್ಲ, ಅಡಗಿಗೆ ಉಪ್ಪು ಕಡಿಮಿ ಅಂತ ಹೇಳೋರು ಮನಿಯವರ ಇರತಾರ. ಬ್ಯಾರೆಯವರು ಸುಮ್ನ ಉಂಡು ಮತ್ತೊಮ್ಮೆ ಬರೂದಿಲ್ಲ.

ಅಷ್ಟರಾಗ ಫ್ಲೋರಿಡಾದ ಯೂನಿವರ್ಸಲ್ ಪಾರ್ಕಿನವರು 2010ರ ಜೂನ್ 18ಕ್ಕ ಹ್ಯಾರಿ ಪಾಟರ್ ಓಣಿ ತಗದಿದ್ರು. ಸಿನಿಮಾದ ಸೆಟ್ ಮಾಡಿದವರನ್ನ ಕರಸಿ ಮಾಡಿಸಿದ್ದು. ಮಾಂತ್ರಿಕ ಕೋಲಿನ ಅಂಗಡಿ ಕಥಿಯೊಳಗ ಇಕ್ಕಟ್ಟು, ಅದಕ್ಕ ಇಲ್ಲಿಯೂ ಇಕ್ಕಟ್ಟು. ಮಂದಿ ಬಿಸಲಾಗ ತಾಸುಗಟ್ಟಲೆ ನಿಂತ್ರು, ಬೈಕೋತನ ಬಟರ್‌ಬಿಯರ್ ಕುಡದು ಖುಷಿ ಪಟ್ರು. ಅಲ್ಲಿಂದ ಆಟ ಎಷ್ಟವ ಅನ್ನೋ ಲೆಕ್ಕದ ಜೋಡಿ ಕಥಿಯೊಳಗ ಹೊಕ್ಕಂಗ ಆತೋ ಇಲ್ಲೋ ಅನ್ನೋ ಲೆಕ್ಕಾನೂ ಶುರು ಆತು. ಡಿಸ್ನಿಯವರು ‘ಅವತಾರ್’ ಸಿನಿಮಾದ ಓಣಿ ಮಾಡತೀವಿ ಅಂತ 2011ರಾಗ ಹೇಳಿದಾಗ, ಆ ಸಿನಿಮಾ ಯಾರಿಗೆ ನೆನಪದ ಅಂತ ಅಭಿಮಾನಿಗಳು ಮೂಗು ಮುರದ್ರು. 2017ರಾಗ ಪಂಡೋರಾ ತಗದಾಗ ಗಾಳ್ಯಾಗ ತೇಲೋ ಗುಡ್ಡ ನೋಡಿ ಬಾಯಿ ಮುಚ್ಚಿದ್ರು. ಆಶಾ ಕಡಿಮಿ ಇತ್ತು, ಅದಕ್ಕ ಗೆದ್ದತು ಅಂತ ಮಗಳ ವಾದ.

ಗ್ಯಾಲಕ್ಸೀಸ್ ಎಡ್ಜ್‌ದು ಉಲ್ಟಾ. 2015ರಾಗ ಸಾರಿದ್ರು, ನಾಲ್ಕು ವರ್ಷ ಹೇಳಿದ್ದ ಹೇಳಿದ್ದು. ವಿಮಾನ ಕೆಟ್ಟದಾಗಿ ಹಾರಿಸಿದ್ರ ಆ ಸುದ್ದಿ ಪಾನಗೃಹಕ್ಕ ಮುಟ್ಟಿ ಅಲ್ಲಿನವರು ನಿಮ್ಮನ್ನ ಕೇಳ್ತಾರ, ಡ್ರಾಯ್ಡುಗಳು ಓಣ್ಯಾಗ ಅಡ್ಡಾಡ್ತಾವ ಅಂತೆಲ್ಲಾ. 2019ರ ಮೇ 31ಕ್ಕ ಬಾಗಲಾ ತಗದಾಗ 14 ಎಕರೆದಾಗ ನಡೀತಿದ್ದ ಆಟ ಒಂದ. ದೊಡ್ಡ ಆಟ ಇಲ್ಲಿ ತಯಾರಾಗಿದ್ದು 2020ರ ಜನವರಿಗೆ. ಡಾರ್ತ್ ವೇಡರ್, ಲ್ಯೂಕ್ ಯಾರೂ ಇರಲಿಲ್ಲ, ಯಾಕಂದ್ರ ಆಗ ಓಣಿಯ ಕಾಲ ಹೊಸ ಸಿನಿಮಾಗಳದಿತ್ತು, ಊರಿನ ಹೆಸರು ‘ಬಟೂ’ ಅಂತ ಹೊಸಾದು ಹುಟ್ಟಿಸಿದ್ದು. ಹಳೇ ಸಿನಿಮಾ ನೋಡಿ ಬೆಳದವರಿಗೆ ತವರಮನಿಗೆ ಹೋದ್ರ ಬಾಗಲದಾಗ ಬ್ಯಾರೆಯವರು ನಿಂತಂಗ ಆತು. ಗದ್ದಲಕ್ಕ ಹೆದರಿ ಮಂದಿ ಹೋಗಲೂ ಇಲ್ಲ, ಬ್ಯಾಸಗಿ ಪೂರ್ತಿ ಎಣಿಸಿದ್ದಕ್ಕಿಂತ ಪಾಳಿ ಕಡಿಮಿ. 2022ರಿಂದ ಆ ಕಾಲದ ಗೆರಿ ಸಡಿಲ ಮಾಡಿ ಮ್ಯಾಂಡಲೋರಿಯನ್, ಗ್ರೋಗು ಇವರನ್ನ ತಿರಗಾಡಲಿಕ್ಕ ಬಿಟ್ರು.

ಅಳಿಯಂದ್ರು ಹೇಳೋದರಾಗೂ ಖರೆ ಅದ. ಗ್ವಾಡಿ ಸುಣ್ಣ ಉದರಿದ್ದು, ನೂರಾರು ವರ್ಷದ್ದು ಅನ್ನೋಹಂಗ ಮಾಡ್ಯಾರ. ಕೋಕ್ ಬಾಟ್ಲಿ ಮ್ಯಾಲೆ ಸುದ್ದಾ ಆ ಲೋಕದ ಲಿಪಿ. ಸಿನಿಮಾದಾಗಿನ ನೀಲಿ ಹಾಲನ್ನ ಕೊಬ್ಬರಿ ಹಾಲು, ಅಕ್ಕಿ ಹಾಲು ಕೂಡಿಸಿ ಮಾಡತಾರ. ಯಾಲಕ್ಕಿ, ಬೆಲ್ಲ ಹಾಕಿದ್ರ ನಮ್ಮ ಕಡೆ ಪಾಯಸ ಆಗತಿತ್ತು.

ಆದ್ರ ನನಗ ತಟ್ಟಿದ್ದು ಇಬ್ರೂ ಹೇಳದ ಮಾತು. ಈ ಓಣಿ ಬಯಲಿನ್ಯಾಗ ಎದ್ದದ್ದಲ್ಲ. ಇದರ ಸಲುವಾಗಿ 2016ರಾಗ ಕುರಿ ಮರಿ ಮುಟ್ಟಿ ಆಡಸೋ ಒಂದು ದೊಡ್ಡಿ ಹೋತು, 1955ರಿಂದ ಇದ್ದ ‘ರಿವರ್ಸ್ ಆಫ್ ಅಮೆರಿಕಾ’ ಹೊಳಿ ಮೋಟಾತು, ಸುತ್ತ ಓಡೋ ರೈಲಿನ ಹಳಿ ಒಳಗ ಸರೀತು. ಫ್ಲೋರಿಡಾದಾಗಂತೂ ಅಂಥಾದ್ದೇ ಹೊಳಿ, ಅದರ ಬೋಟು, ನಡುಗಡ್ಡಿ ಎಲ್ಲಾ 2025ರ ಜುಲೈದಾಗ ಪೂರ್ತಿ ಮುಚ್ಚಿದ್ರು, ಕಾರ್ಸ್ ಸಿನಿಮಾದ ಹೊಸಾ ಓಣಿಗೆ. ಅಲ್ಲೆ ಆಟ ಇರಲಿಲ್ಲ, ಪಾಳಿ ಇರಲಿಲ್ಲ, ನೀರು ನೆರಳು ಇತ್ತು, ಅಷ್ಟ. ಹೊಸ ಓಣಿಯ ಪ್ರಚಾರದ ಚಿತ್ರದಾಗ ಏನು ಬರ್ತದ ಅಂತ ಇರತದ, ಏನು ಹೋಗತದ ಅಂತ ಇರೂದಿಲ್ಲ. ಅದನ್ನ ಲೆಕ್ಕ ಇಟ್ಟು ಹೇಳೋರು ಆ ಬೈಯೋ ಅಭಿಮಾನಿಗಳ.

ನಾವು ಹೋದ ದಿನ ಮಗಳು ಅಳಿಯಂದ್ರು ಸ್ಟಾರ್ ವಾರ್ಸಿನ ದೊಡ್ಡ ಆಟಕ್ಕ ಪಾಳಿ ಹಚ್ಚಿದ್ರು. ನಮ್ಮನಿಯವರು, ನಾನು ಹೊಳಿ ಕಡೆ ಬಂದು ಮಾರ್ಕ್ ಟ್ವೇನ್ ಬೋಟು ಹತ್ತಿದ್ವಿ. ಮೊದಲನೇ ದಿನದಿಂದ ತಿರಗತಿರೋ ಬೋಟು ಅದು. ಮ್ಯಾಲಿನ ಅಟ್ಟದಾಗ ಗಾಳಿ ಬರತಿತ್ತು. ಹೊಳಿ ಹೊಳ್ಳೋ ಕಡೆ ಹೊಸದಾಗಿ ಮಾಡಿದ ಕಲ್ಲಿನ ಗ್ವಾಡಿ, ಅದರ ಮ್ಯಾಲಿಂದ ನೀರು ಬೀಳ್ತದ. ಅದರ ಹಿಂದನ ಬಟೂ. “ಅವರಿಬ್ರೂ ಈ ಗ್ವಾಡಿ ಆಚೆ ನಿಂತಿರಬೇಕ ನೋಡ್ರಿ” ಅಂದೆ. “ಜಗಳಾ ಆಡ್ಕೋತ” ಅಂದ್ರು ಇವರು.