ತೋಪಿನ ಸದ್ದು, ನೀರಿನ ತೊಟ್ಟಿ ಮತ್ತು ಹಗುರ ಸೈಲೆನ್ಸರ್

ಕಮಲಾಪುರದ ಬಸ್ ನಿಲ್ದಾಣದ ಬಳಿ, ಹುಮನಾಬಾದ್ ರಸ್ತೆಯ ಬದಿಗೆ ಐದು ನಿಮಿಷ ನಿಂತು ಕಿವಿಗೊಡಿ. ಬೈಕು, ಟಂಟಂ, ಟ್ರ್ಯಾಕ್ಟರ್, ಲಾರಿ ಒಂದರ ಹಿಂದೆ ಒಂದು ಹೋಗುತ್ತವೆ. ಇವುಗಳಲ್ಲಿ ಒಂದರ ಸೈಲೆನ್ಸರ್ ಒಡೆದಿದ್ದರೆ ಅದು ಕಣ್ಣಿಗೆ ಬೀಳುವ ಮೊದಲೇ ನಿಮಗೆ ತಿಳಿಯುತ್ತದೆ, ಅಲ್ಲವೇ? ಈ ಸೈಲೆನ್ಸರ್‌ಗೆ ಒಬ್ಬ ಹತ್ತಿರದ ಸಂಬಂಧಿ ಇದೆ. ಅದು ಬೇಟೆಯ ಬಂದೂಕಿನ ತುದಿಗೆ ತೊಡಿಸುವ ಸದ್ದಡಗಿಸುವ ಕೊಳವೆ. ಎರಡರ ಹಿಂದಿರುವ ತತ್ವವೂ ಒಂದೇ. ಈ ತತ್ವವನ್ನು ಅರಿಯಲು ದೂರದ ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ. ಕಲಬುರಗಿ ಮತ್ತು ವಿಜಯಪುರದ ಕೋಟೆಗಳಲ್ಲಿರುವ ಎರಡು ತೋಪುಗಳೇ ಸಾಕು.

ಸದ್ದು ಎಲ್ಲಿಂದ ಬರುತ್ತದೆ?

ಬಂದೂಕಿನ ಸದ್ದು ಗುಂಡಿನದು ಎಂದು ಬಹಳ ಮಂದಿ ತಿಳಿದಿದ್ದಾರೆ. ನಿಜವಾಗಿ ಅದರ ದೊಡ್ಡ ಪಾಲು ಅನಿಲದ್ದು. ಮದ್ದು ಉರಿದಾಗ ನಳಿಗೆಯೊಳಗೆ ಬಿಸಿ ಅನಿಲ ಉಂಟಾಗಿ ಗುಂಡನ್ನು ಮುಂದಕ್ಕೆ ತಳ್ಳುತ್ತದೆ. ಇಂದಿನ ಬೇಟೆ ರೈಫಲಿನಲ್ಲಿ ಈ ಅನಿಲದ ಗರಿಷ್ಠ ಒತ್ತಡ ವಾಯುಮಂಡಲದ ಒತ್ತಡದ ಮೂರರಿಂದ ನಾಲ್ಕು ಸಾವಿರ ಪಟ್ಟು ಇರುತ್ತದೆ. ಗುಂಡು ನಳಿಗೆಯ ಬಾಯಿ ದಾಟುವ ಹೊತ್ತಿಗೂ ಕೆಲವು ನೂರು ಪಟ್ಟು ಉಳಿದಿರುತ್ತದೆ. ಲಾರಿಯ ಟೈರು ಸಿಡಿದ ಸದ್ದನ್ನು ನೀವು ಕೇಳಿರಬಹುದು. ಅದರೊಳಗಿನ ಒತ್ತಡ ಕೇವಲ ಏಳೆಂಟು ಪಟ್ಟು! ಹೀಗೆ ಅದುಮಿಟ್ಟ ಅನಿಲಕ್ಕೆ ಒಮ್ಮೆಲೇ ಬಾಗಿಲು ತೆರೆದರೆ ಅದು ಸುತ್ತಲಿನ ಗಾಳಿಗೆ ಬಡಿದು ಆಘಾತ ತರಂಗ ಹುಟ್ಟುತ್ತದೆ. ನಮಗೆ ಕೇಳಿಸುವ ‘ಢಂ’ ಇದೇ.

ಎರಡನೆಯ ಮೂಲ ಗುಂಡಿನದೇ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ರೈಫಲಿನ ಗುಂಡು ಸಾಮಾನ್ಯವಾಗಿ ಇದರ ಎರಡು ಪಟ್ಟಿಗೂ ಹೆಚ್ಚು ವೇಗದಲ್ಲಿ ಹಾರುತ್ತದೆ. ಆದ್ದರಿಂದ ಅದು ತನ್ನೊಡನೆ ಶಂಕುವಿನಾಕಾರದ ಆಘಾತ ತರಂಗವನ್ನು ಎಳೆದೊಯ್ಯುತ್ತದೆ. ಎರ್ನ್ಸ್ಟ್ ಮಾಖ್ ಅವರ ಸಲಹೆಯಂತೆ ಪೀಟರ್ ಸಾಲ್ಖರ್ 1886ರಲ್ಲಿ ಇದರ ಛಾಯಾಚಿತ್ರ ತೆಗೆದರು. ಮರುವರ್ಷ ಅದು ಪ್ರಕಟವಾಯಿತು. ‘ಮಾಖ್ ಸಂಖ್ಯೆ’ಯ ಹೆಸರು ಬಂದಿರುವುದು ಇದೇ ವಿಜ್ಞಾನಿಯಿಂದ. ನಳಿಗೆಯ ತುದಿಯಲ್ಲಿ ಏನನ್ನು ತೊಡಿಸಿದರೂ ಈ ಎರಡನೆಯ ಸದ್ದು ಅಡಗದು. ಅದು ಹುಟ್ಟುವುದು ನಳಿಗೆಯ ಹೊರಗೆ.

ಉದ್ದ ತೋಪು, ಗಿಡ್ಡ ತೋಪು

ಈಗ ಕಲಬುರಗಿ ಕೋಟೆಗೆ ಬನ್ನಿ. ಬಹಮನಿ ರಾಜ್ಯ 1347ರಲ್ಲಿ ಸ್ಥಾಪನೆಯಾದ ಮೇಲೆ ಈ ಕೋಟೆ ಅದರ ಮೊದಲ ರಾಜಧಾನಿಯಾಯಿತು. ಇಲ್ಲಿನ ‘ಬಾರಾ ಗಜೀ ತೋಪು’ ಸುಮಾರು 29 ಅಡಿ, ಎಂದರೆ ಹತ್ತಿರ ಹತ್ತಿರ 9 ಮೀಟರ್ ಉದ್ದವಿದೆ. ಇದರ ಪಕ್ಕದಲ್ಲಿ ನಿಲ್ಲಿಸಿದರೆ ನಿಮ್ಮ ತರಗತಿಯ ಅರ್ಧದಷ್ಟು ಮಕ್ಕಳು ಸಾಲಾಗಿ ನಿಲ್ಲಬಹುದು.

ವಿಜಯಪುರದ ಶೆರ್ಜಾ ಬುರುಜಿನ ಮೇಲಿರುವ ‘ಮಲಿಕ್-ಎ-ಮೈದಾನ್’ ಇದಕ್ಕೆ ತದ್ವಿರುದ್ಧ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಈ ಕಂಚಿನ ತೋಪು ಸುಮಾರು 55 ಟನ್ ತೂಗುತ್ತದೆ. ಉದ್ದ ಸುಮಾರು ನಾಲ್ಕೂವರೆ ಮೀಟರ್ ಮಾತ್ರ. ಬಾಯಿಯ ಅಗಲವೋ 70 ಸೆಂಟಿಮೀಟರ್! ಎಂದರೆ ಉದ್ದವು ಬಾಯಿಯ ಅಗಲದ ಆರೂವರೆ ಪಟ್ಟು ಸಹ ಇಲ್ಲ.

ಒಂದೇ ಪ್ರಮಾಣದ ಮದ್ದನ್ನು ಒಂದೇ ಅಗಲದ ಎರಡು ನಳಿಗೆಗಳಲ್ಲಿ ಸಿಡಿಸಿದೆವು ಎಂದುಕೊಳ್ಳಿ. ಒಂದು ಉದ್ದ, ಇನ್ನೊಂದು ಗಿಡ್ಡ. ಯಾವುದು ಹೆಚ್ಚು ಸದ್ದು ಮಾಡುತ್ತದೆ? ಉದ್ದ ನಳಿಗೆಯಲ್ಲಿ ಅನಿಲಕ್ಕೆ ಹಿಗ್ಗಲು ಹೆಚ್ಚು ಜಾಗವಿದೆ, ಗುಂಡನ್ನು ತಳ್ಳುವ ಕೆಲಸವೂ ಹೆಚ್ಚು ದೂರ ನಡೆಯುತ್ತದೆ. ಹಾಗಾಗಿ ಬಾಯಿಯ ಬಳಿ ಬರುವ ಹೊತ್ತಿಗೆ ಅನಿಲದ ಒತ್ತಡ ಇಳಿದಿರುತ್ತದೆ. ಗಿಡ್ಡ ನಳಿಗೆಯಲ್ಲಿ ಅದು ಇನ್ನೂ ರಭಸದಲ್ಲಿರುವಾಗಲೇ ಹೊರಬೀಳುತ್ತದೆ. ಅನಿಲಕ್ಕೆ ಜಾಗ ಕೊಡಿ, ಸಮಯ ಕೊಡಿ, ಸದ್ದು ಇಳಿಯುತ್ತದೆ. ಸೈಲೆನ್ಸರಿನ ಇಡೀ ವಿಜ್ಞಾನ ಈ ಒಂದು ಮಾತಿನಲ್ಲಿದೆ.

ತೊಟ್ಟಿಯಲ್ಲಿ ಮುಳುಗಿದ ಗೋಲಂದಾಜ

ಮಲಿಕ್-ಎ-ಮೈದಾನ್ ಬಗ್ಗೆ ಒಂದು ಐತಿಹ್ಯವಿದೆ. ಬುರುಜಿನ ಮೇಲೆ ತೋಪಿನ ಹತ್ತಿರ ನೀರಿನ ತೊಟ್ಟಿ ಇತ್ತಂತೆ. ಗೋಲಂದಾಜ ಬತ್ತಿಗೆ ಕಿಡಿ ಮುಟ್ಟಿಸಿದವನೇ ಆ ನೀರಿನಲ್ಲಿ ಮುಳುಗಿಬಿಡುತ್ತಿದ್ದನಂತೆ, ಕಿವಿ ಉಳಿಸಿಕೊಳ್ಳಲು. ಇದು ನಡೆದದ್ದೋ ಕಟ್ಟುಕಥೆಯೋ ಎಂಬ ಚರ್ಚೆಯನ್ನು ಇತಿಹಾಸಕಾರರಿಗೆ ಬಿಡೋಣ. ಈ ಉಪಾಯ ಕೆಲಸ ಮಾಡುತ್ತದೆಯೇ ಎಂಬುದನ್ನು ಮಾತ್ರ ನಾವು ಭೌತವಿಜ್ಞಾನದಿಂದ ಪರೀಕ್ಷಿಸಬಹುದು.

ಗಾಳಿಯ ಸಾಂದ್ರತೆಯನ್ನು ಅದರಲ್ಲಿನ ಶಬ್ದದ ವೇಗದಿಂದ ಗುಣಿಸಿ. ಸುಮಾರು 410 ಬರುತ್ತದೆ. ನೀರಿಗೂ ಹೀಗೆಯೇ ಮಾಡಿದರೆ ಸುಮಾರು 14 ಲಕ್ಷ 80 ಸಾವಿರ. ಈ ಎರಡರ ಅನುಪಾತ 3,600ರಷ್ಟು. ಎರಡು ಮಾಧ್ಯಮಗಳ ನಡುವೆ ಇಷ್ಟು ಅಂತರವಿದ್ದಾಗ ಶಬ್ದದ ಬಹುಪಾಲು ಮೇಲ್ಮೈಯಿಂದ ಪ್ರತಿಫಲಿಸುತ್ತದೆ. ನೇರವಾಗಿ ಮೇಲಿನಿಂದ ಬಿದ್ದ ಶಬ್ದಶಕ್ತಿಯಲ್ಲಿ ಸಾವಿರದಲ್ಲಿ ಒಂದು ಪಾಲು ಮಾತ್ರ ನೀರಿಗೆ ಇಳಿಯುತ್ತದೆ. ಇಷ್ಟೇ ಅಲ್ಲ. ನೀರಿನಲ್ಲಿ ಶಬ್ದದ ವೇಗ ನಾಲ್ಕು ಪಟ್ಟಿಗಿಂತ ಹೆಚ್ಚಿರುವುದರಿಂದ, ಲಂಬದಿಂದ ಸುಮಾರು 13 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಂದ ಶಬ್ದ ಪೂರ್ಣ ಪ್ರತಿಫಲನ ಹೊಂದುತ್ತದೆ. ತೋಪಿನ ಸದ್ದು ತೊಟ್ಟಿಗೆ ಬರುವುದು ಪಕ್ಕದಿಂದ, ಬಹಳ ಓರೆಯಾಗಿ. ಬೆಳಕಿನ ಪೂರ್ಣ ಆಂತರಿಕ ಪ್ರತಿಫಲನವನ್ನು ಪಾಠ ಮಾಡುವ ಶಿಕ್ಷಕರು ಈ ಉದಾಹರಣೆಯನ್ನೂ ಸೇರಿಸಿಕೊಳ್ಳಬಹುದು. ಸ್ನೆಲ್ ನಿಯಮ ತಿಳಿಯದಿದ್ದರೂ ಆ ಗೋಲಂದಾಜನ ಉಪಾಯ ಸರಿಯಾಗಿಯೇ ಇತ್ತು.

ಕಿವುಡನಾದ ತಂದೆ, ಮಗನ ಕೊಳವೆ

ನೀರಿಗೆ ಹಾರುವ ಅವಕಾಶ ಎಲ್ಲರಿಗೂ ಇರಲಿಲ್ಲ. ಸಾಲ್ಖರ್ ಛಾಯಾಚಿತ್ರ ತೆಗೆದ ಅದೇ 1886ರಲ್ಲಿ ಗ್ಲಾಸ್ಗೋದ ವೈದ್ಯ ಥಾಮಸ್ ಬಾರ್ ಅವರು ಬಾಯ್ಲರ್ ತಯಾರಿಸುವ ನೂರು ಕಾರ್ಮಿಕರ ಕಿವಿಗಳನ್ನು ಪರೀಕ್ಷಿಸಿ ವರದಿ ಪ್ರಕಟಿಸಿದರು. ಒಬ್ಬನ ಶ್ರವಣವೂ ಸಹಜವಾಗಿರಲಿಲ್ಲ. ಸದ್ದು ಕಿವಿಯನ್ನು ಕೆಡಿಸುತ್ತದೆ ಎಂಬುದಕ್ಕೆ ಅದು ಗಟ್ಟಿಯಾದ ಸಾಕ್ಷ್ಯವಾಯಿತು.

ಅದೇ ದಶಕದಲ್ಲಿ ಲಂಡನ್ನಿನಲ್ಲಿ ಹೈರಮ್ ಸ್ಟೀವನ್ಸ್ ಮ್ಯಾಕ್ಸಿಮ್ ಎಂಬ ಅಮೆರಿಕದ ಸಂಶೋಧಕ ತನ್ನಷ್ಟಕ್ಕೆ ತಾನೇ ಗುಂಡು ತುಂಬಿಕೊಳ್ಳುವ ಮೆಷಿನ್‌ಗನ್ ರೂಪಿಸಿದ. ಅದರ ಪರೀಕ್ಷೆಗಳ ನಡುವೆಯೇ ವರ್ಷಗಳನ್ನು ಕಳೆದ ಆತ ಕೊನೆಗಾಲದಲ್ಲಿ ಬಹುಮಟ್ಟಿಗೆ ಕಿವುಡನಾದ. ಅವನ ಮಗ ಹೈರಮ್ ಪರ್ಸಿ ಮ್ಯಾಕ್ಸಿಮ್ ಅಮೆರಿಕದಲ್ಲಿ ಬೆಳೆದ ಇಂಜಿನಿಯರ್. ಸ್ನಾನದ ತೊಟ್ಟಿಯ ನೀರು ಸುಳಿಯಾಗಿ ತಿರುಗುತ್ತಾ ನಿಧಾನವಾಗಿ ಇಳಿದುಹೋಗುವುದನ್ನು ನೋಡಿ, ಅನಿಲವನ್ನೂ ಹೀಗೇ ಸುತ್ತಿಸಿ ತಡೆಯಬಹುದಲ್ಲ ಎಂದು ಅವನಿಗೆ ಹೊಳೆಯಿತು ಎಂಬ ಕಥೆ ಪ್ರಸಿದ್ಧ. 1909ರಲ್ಲಿ ಅವನಿಗೆ ಪೇಟೆಂಟ್ ದೊರೆಯಿತು. ‘ಸೈಲೆನ್ಸರ್’ ಎಂಬ ಹೆಸರಿನಲ್ಲಿ ಆ ಕೊಳವೆ ಬೇಟೆಗಾರರಿಗೆ ಮಾರಾಟವಾಯಿತು. ತಂದೆಯ ಕಿವುಡು ನೋಡಿ ಮಗ ಇದನ್ನು ಮಾಡಿದ ಎಂದು ಕಥೆ ಕಟ್ಟುವುದು ಸುಲಭ. ಆದರೆ ತಂದೆ, ಮಗ ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿ ಬೇರೆ ಬೇರೆಯಾಗಿ ಬದುಕಿದವರು. ಹಾಗಿದ್ದರೂ ಸದ್ದು ಮಾಡುವ ಯಂತ್ರ ಮತ್ತು ಸದ್ದಡಗಿಸುವ ಕೊಳವೆ ಒಂದೇ ಮನೆತನದಿಂದ ಬಂದದ್ದು ತಂತ್ರಜ್ಞಾನದ ಇತಿಹಾಸದ ಒಂದು ವಿಚಿತ್ರವೇ ಸರಿ.

ವಾಹನದ ಸೈಲೆನ್ಸರಿಗೆ ಅಮೆರಿಕದಲ್ಲಿ 1897ರಲ್ಲೇ ರೀವ್ಸ್ ಸಹೋದರರು ಪೇಟೆಂಟ್ ಪಡೆದಿದ್ದರು. ಮ್ಯಾಕ್ಸಿಮ್‌ನ ಕಂಪನಿಯೂ ಮುಂದೆ ಬಂದೂಕನ್ನು ಬಿಟ್ಟು ಇಂಜಿನ್ನುಗಳ ಸದ್ದಡಗಿಸುವ ಕೆಲಸಕ್ಕೆ ತಿರುಗಿತು.

ಹಗುರವಾದಷ್ಟೂ ಒಳ್ಳೆಯದೇ?

‘ಸೈಲೆನ್ಸರ್’ ಎಂಬ ಹೆಸರು ಸ್ವಲ್ಪ ಮೋಸದ್ದು. ಸಿನಿಮಾಗಳಲ್ಲಿ ಕೇಳುವ ‘ಫುಸ್’ ಎಂಬ ಸದ್ದನ್ನು ಮರೆತುಬಿಡಿ. ಬೇಟೆ ರೈಫಲಿನ ಸದ್ದು ಸುಮಾರು 160 ಡೆಸಿಬೆಲ್. ಒಳ್ಳೆಯ ಸೈಲೆನ್ಸರ್ ಇದನ್ನು 20ರಿಂದ 35 ಡೆಸಿಬೆಲ್‌ನಷ್ಟು ಇಳಿಸುತ್ತದೆ. ಡೆಸಿಬೆಲ್ ಲಘುಗಣಕದ ಅಳತೆಯಾದ್ದರಿಂದ 30 ಡೆಸಿಬೆಲ್ ಇಳಿತವೆಂದರೆ ಶಬ್ದಶಕ್ತಿ ಸಾವಿರದಲ್ಲಿ ಒಂದು ಪಾಲಿಗೆ ಇಳಿದಂತೆ. ಗೋಲಂದಾಜನ ತೊಟ್ಟಿಯ ಲೆಕ್ಕದಲ್ಲಿ ಬಂದ ‘ಸಾವಿರದಲ್ಲಿ ಒಂದು’ ನೆನಪಾಯಿತೇ? ಇಷ್ಟಾದರೂ ಉಳಿಯುವ 130 ಡೆಸಿಬೆಲ್ ದೊಡ್ಡ ಸದ್ದೇ.

ಈ ಕೊಳವೆಯನ್ನು ಬಳಸಲು ಕಾನೂನಿನ ಅನುಮತಿಯಿರುವ ನಾರ್ವೆ, ಫಿನ್‌ಲೆಂಡ್‌ಗಳಂಥ ದೇಶಗಳಲ್ಲಿ ಬೇಟೆಗಾರ ಕೇಳುವ ಮೊದಲ ಪ್ರಶ್ನೆ: ತೂಕ ಎಷ್ಟು? ಇದಕ್ಕೆ ಕಾರಣ ಸನ್ನೆಯ ನಿಯಮ. ರೈಫಲಿನ ತೂಕ ಮೂರೂವರೆ ಕಿಲೋ ಇದ್ದರೂ ಅದು ಕೈಗಳ ಆಸುಪಾಸಿನಲ್ಲಿ ಹಂಚಿಹೋಗಿರುತ್ತದೆ. ತುದಿಯಲ್ಲಿ ಸೇರಿಸಿದ ಅರ್ಧ ಕಿಲೋ ಮಾತ್ರ ಮುಂಗೈಯಿಂದ ಅರ್ಧ ಮೀಟರ್ ದೂರದಲ್ಲಿ ಜೋತುಬಿದ್ದು ನಳಿಗೆಯನ್ನು ಕೆಳಕ್ಕೆ ತಿರುಗಿಸುತ್ತದೆ. ಗುರಿ ಅಲುಗಾಡುತ್ತದೆ, ತೋಳು ಸೋಲುತ್ತದೆ. 300 ಗ್ರಾಂನದನ್ನು ಹಾಕಿದರೆ ಈ ಪರಿಣಾಮ ಐದರಲ್ಲಿ ಮೂರು ಪಾಲಿಗೆ ಇಳಿಯುತ್ತದೆ.

ಹಾಗಾದರೆ ಅತಿ ಹಗುರವಾದದ್ದನ್ನೇ ಕೊಳ್ಳಬಾರದೇಕೆ? ಕೋಟೆಯ ಪಾಠವನ್ನು ನೆನೆಯಿರಿ. ಅನಿಲಕ್ಕೆ ಜಾಗ ಬೇಕು. ಕೊಳವೆಯನ್ನು ಕಿರಿದು ಮಾಡಿದರೆ ತೂಕವೂ ಇಳಿಯುತ್ತದೆ, ಸದ್ದಡಗಿಸುವ ಶಕ್ತಿಯೂ ಇಳಿಯುತ್ತದೆ. ಜಾಗವನ್ನು ಉಳಿಸಿಕೊಂಡು ತೂಕ ಇಳಿಸಬೇಕಾದರೆ ಲೋಹವನ್ನು ಬದಲಾಯಿಸಬೇಕು. ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ 7.8 ಗ್ರಾಂ, ಟೈಟಾನಿಯಂನದು 4.5, ಅಲ್ಯುಮಿನಿಯಂನದು 2.7. ಅಲ್ಯುಮಿನಿಯಂ ಎಲ್ಲಕ್ಕಿಂತ ಹಗುರ, ಆದರೆ ಬಿಸಿಯೇರಿದಂತೆ ಬೇಗ ಬಲ ಕಳೆದುಕೊಳ್ಳುತ್ತದೆ. ಟೈಟಾನಿಯಂ ಆ ಬಿಸಿಯನ್ನು ತಾಳಿಕೊಳ್ಳುತ್ತದೆ, ಬೆಲೆ ಮಾತ್ರ ಹೆಚ್ಚು. ಉಕ್ಕು ಭಾರ, ಆದರೆ ಸತತವಾಗಿ ಗುಂಡು ಹಾರಿಸಿದರೂ ಬಾಳುತ್ತದೆ. ದಿನಕ್ಕೆ ಒಂದೆರಡು ಗುಂಡು ಹಾರಿಸುವ ಬೇಟೆಗಾರನಿಗೆ ಹಗುರವಾದದ್ದು ಸಾಕು, ದಿನವಿಡೀ ಗುರಿ ಅಭ್ಯಾಸ ಮಾಡುವವನಿಗೆ ಸಾಲದು. ಗಾತ್ರ, ತೂಕ, ತಾಪ ಈ ಮೂರನ್ನೂ ಒಟ್ಟಿಗೆ ಗೆಲ್ಲಲು ಯಾರಿಗೂ ಆಗಿಲ್ಲ. ಇಂಜಿನಿಯರಿಂಗ್ ಎಂದರೆ ಏನನ್ನು ಬಿಟ್ಟುಕೊಡಬೇಕೆಂದು ತಿಳಿದು ಆರಿಸುವ ವಿದ್ಯೆ.

ನಮ್ಮ ನೆಲದಲ್ಲಿ

ನಮ್ಮಲ್ಲಿ ಈ ಆಯ್ಕೆಯ ಪ್ರಶ್ನೆಯೇ ಏಳುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ 1991ರ ತಿದ್ದುಪಡಿಯ ನಂತರ ಮೋಜಿನ ಬೇಟೆಗೆ ಭಾರತದಲ್ಲಿ ಅವಕಾಶವಿಲ್ಲ. ಜಿಲ್ಲೆಯ ಹೊಲಗಳಲ್ಲಿ ನೆಗೆಯುವ ಚಿಗರಿ, ಎಂದರೆ ಕೃಷ್ಣಮೃಗ, ಕಾಯಿದೆಯ ಮೊದಲ ಅನುಸೂಚಿಯಲ್ಲಿದೆ. ಬಂದೂಕಿನ ಸದ್ದು ತಗ್ಗಿಸುವ ಉಪಕರಣವನ್ನು 1962ರ ಶಸ್ತ್ರಾಸ್ತ್ರ ನಿಯಮಗಳು ನಿಷೇಧಿತ ಆಯುಧಗಳಿರುವ ಮೊದಲ ವರ್ಗದಲ್ಲೇ ಇರಿಸಿದ್ದವು. ಅಮೆರಿಕವೂ 1934ರಲ್ಲಿ ಇದರ ಮೇಲೆ 200 ಡಾಲರ್‌ಗಳ ಭಾರಿ ತೆರಿಗೆ ಹೇರಿತ್ತು. ಕಿವಿಯನ್ನು ಕಾಯುವ ವಸ್ತು ಕಳ್ಳಬೇಟೆಗಾರನನ್ನೂ ಕಾಯುತ್ತದೆ ಎಂಬ ಅಂಜಿಕೆ ಸುಳ್ಳಲ್ಲ.

ಆದರೆ ಕಿವಿಯ ಪ್ರಶ್ನೆ ನಮಗೂ ಉಳಿದಿದೆ. ಬೆಳೆಗೆ ಬೀಳುವ ಹಂದಿಗಳನ್ನು ಬೆದರಿಸಲು ರಾತ್ರಿ ಹೊಲ ಕಾಯುವವರು ಪಟಾಕಿ ಸಿಡಿಸುತ್ತಾರೆ. ಪಟಾಕಿಯ ಸದ್ದಿಗೆ ನಮ್ಮ ನಿಯಮ ವಿಧಿಸಿರುವ ಮಿತಿ, ಸಿಡಿದ ಜಾಗದಿಂದ 4 ಮೀಟರ್ ದೂರದಲ್ಲಿ ಗರಿಷ್ಠ 145 ಡೆಸಿಬೆಲ್. ದೂರ ಅರ್ಧವಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಏರುತ್ತದೆ. 2 ಮೀಟರಿಗೆ 151, 1 ಮೀಟರಿಗೆ 157. ಕೈಯಳತೆಯಲ್ಲಿ ಸಿಡಿದ ಪಟಾಕಿ ಬೇಟೆ ರೈಫಲಿನ ಹತ್ತಿರಕ್ಕೆ ಬಂದುಬಿಟ್ಟಿತು! ಇಂಥ ಹಠಾತ್ ಸದ್ದಿಗೆ ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಸೂಚಿಸಿದ ಮಿತಿ ದೊಡ್ಡವರಿಗೆ 140 ಡೆಸಿಬೆಲ್, ಮಕ್ಕಳಿಗೆ 120. ಪ್ರತಿ ಕಿವಿಯ ಒಳಗೆ ಇರುವ ಸುಮಾರು ಹದಿನೈದು ಸಾವಿರ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ನಷ್ಟವಾಗುವುದು 4,000 ಹರ್ಟ್ಸ್ ಆಸುಪಾಸಿನ ಏರುದನಿಗಳ ಶ್ರವಣ. ಅಂಥವರಿಗೆ ಮಾತು ಕೇಳಿಸುತ್ತದೆ, ಆದರೆ ‘ಸಾಲು’, ‘ಹಾಲು’, ‘ಕಾಲು’ ಒಂದೇ ಎನಿಸುತ್ತವೆ. ಹಿಂದಿನ ಬೆಂಚಿನಲ್ಲಿ ಕುಳಿತು ಪದೇ ಪದೇ ತಪ್ಪು ಬರೆದುಕೊಳ್ಳುವ ಹುಡುಗನನ್ನು ಬೈಯುವ ಮೊದಲು, ಶಿಕ್ಷಕರೇ, ಅವನ ಕಿವಿಯನ್ನೊಮ್ಮೆ ನೆನೆಯಿರಿ.

ತರಗತಿಯಲ್ಲಿ ಮಾಡಿ ನೋಡಿ

ಒಂದೇ ಅಳತೆಯ ಎರಡು ಬಲೂನುಗಳನ್ನು ಸಮನಾಗಿ ಊದಿ. ಒಂದಕ್ಕೆ ದೂರದಿಂದ ಸೂಜಿ ಚುಚ್ಚಿ. ಇನ್ನೊಂದರ ಬಾಯಿಯನ್ನು ಸ್ವಲ್ಪವೇ ಸಡಿಲಿಸಿ ಗಾಳಿ ಬಿಡಿ. ಎರಡರಲ್ಲೂ ಇದ್ದ ಗಾಳಿ ಒಂದೇ. ಸದ್ದೇಕೆ ಬೇರೆ? ಮಕ್ಕಳೇ ಉತ್ತರ ಹೇಳಲಿ.

ಒಂದು ಮೀಟರ್ ಪಟ್ಟಿಯ ತುದಿಗೆ ರಬ್ಬರ್ ತುಂಡೊಂದನ್ನು ಕಟ್ಟಿ, ಇನ್ನೊಂದು ತುದಿಯನ್ನು ಹಿಡಿದು ಅಡ್ಡಲಾಗಿ ಎತ್ತಲು ಹೇಳಿ. ಅದೇ ತುಂಡನ್ನು ಕೈಯ ಹತ್ತಿರಕ್ಕೆ ಸರಿಸಿ ಮತ್ತೆ ಎತ್ತಿಸಿ. ತೂಕ ಬದಲಾಗಿಲ್ಲ. ಕೈಗೇಕೆ ಹಗುರವೆನಿಸಿತು?

ಕೊನೆಗೆ ಒಂದು ಮನೆಗೆಲಸ. ಪಟಾಕಿ ಸಿಡಿಸುವವರು ಎಷ್ಟು ಮೀಟರ್ ದೂರ ನಿಂತರೆ ಸದ್ದು ಮಕ್ಕಳ ಮಿತಿಯಾದ 120 ಡೆಸಿಬೆಲ್‌ಗೆ ಇಳಿಯುತ್ತದೆ? 4 ಮೀಟರಿಗೆ 145 ಎಂದಿಟ್ಟುಕೊಂಡು ದೂರವನ್ನು ಇಮ್ಮಡಿಸುತ್ತಾ ಹೋಗಿ. ಉತ್ತರ 70 ಮೀಟರಿನ ಆಸುಪಾಸಿನಲ್ಲಿ ಸಿಗುತ್ತದೆ. ಅಷ್ಟು ದೂರ ಓಡಲು ಬತ್ತಿ ಸಮಯ ಕೊಡುವುದಿಲ್ಲ. ಹತ್ತಿರದಲ್ಲಿ ಗೋಲಂದಾಜನ ತೊಟ್ಟಿಯೂ ಇರುವುದಿಲ್ಲ. ಕಿವಿಗೆ ಗಟ್ಟಿಯಾಗಿ ಒತ್ತಿಕೊಂಡ ಎರಡು ಅಂಗೈಗಳು ಮಾತ್ರ ಯಾವಾಗಲೂ ಜೊತೆಗಿರುತ್ತವೆ. ಸೈಲೆನ್ಸರುಗಳಲ್ಲಿ ಎಲ್ಲಕ್ಕಿಂತ ಹಗುರವಾದದ್ದು ಅದೇ.