ಕವಲು

ಕೊಂಬೆ ಎರಡಾಗಿ ಒಡೆಯುವ ಜಾಗ ಕವಲು. ಹಳಗನ್ನಡದ ಕವಲ್ ಕೊನೆಗೊಂದು ಉಕಾರ ಪಡೆದು ಹೀಗಾಯಿತು. ತಮಿಳಿನ ಕವರ್, ರಸ್ತೆಗಳು ಕೂಡುವ ಜಾಗಕ್ಕೆ ಮಲಯಾಳಿಗಳು ಹೇಳುವ ಕವಲ, ಇವೆರಡೂ ಅದರ ಬಂಧುಗಳು. ಗೊನೆಯ ಭಾರಕ್ಕೆ ಬಾಗಿದ ಬಾಳೆಗೆ ಆನಿಕೆ ಕೊಡುವ ಕವೆಗೋಲಿನ ಕವೆಯೂ ಇದೇ ಬಳಗದ್ದು.

ಮರದಿಂದ ಇಳಿದ ಪದ ಕವಲುದಾರಿಯಾಯಿತು, ಹೊಳೆಗೂ ಹಬ್ಬಿತು, ಬದುಕಿಗೂ ಬಂತು. ಮೈಸೂರಿನಲ್ಲಿ ನೆಲೆಸಿದ್ದ ಎಸ್.ಎಲ್. ಭೈರಪ್ಪನವರು 2010ರ ತಮ್ಮ ಕಾದಂಬರಿಗೆ ಈ ಒಂದೇ ಪದವನ್ನು ಹೆಸರಾಗಿಟ್ಟರು. ಅದೇ ವರ್ಷ ತಂತ್ರಾಂಶದಲ್ಲೂ ಒಂದು ಕವಲು ಮೂಡಿತು: ಕಚೇರಿ ಕೆಲಸದ ತಂತ್ರಾಂಶ ಓಪನ್‌ಆಫೀಸ್‌ನಿಂದ ಲಿಬ್ರೆಆಫೀಸ್ ಬೇರೆಯಾಯಿತು. ಸಾಫ್ಟ್‌ವೇರ್ ಕಚೇರಿಗಳಲ್ಲಿ ಇಂಥದ್ದಕ್ಕೆ ಫೋರ್ಕ್ ಎನ್ನುತ್ತಾರೆ: ಮುಕ್ತವಾಗಿ ಸಿಗುವ ಸೋರ್ಸ್ ಕೋಡನ್ನು ನಕಲು ಮಾಡಿಕೊಂಡು ತಮ್ಮದೇ ದಾರಿಯಲ್ಲಿ ಬೆಳೆಸುವುದು.

ಕಾರ್ಯಾಚರಣ ವ್ಯವಸ್ಥೆಗಳ ಚರಿತ್ರೆಯೇ ಕವಲುಗಳದ್ದು. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಯುನಿಕ್ಸ್, ಯಂತ್ರ ಮಾರುವವರ ಕೈಯಲ್ಲಿ ಹಲವಾಯಿತು. ಐಬಿಎಂನದು ಎಐಎಕ್ಸ್, ಎಚ್‌ಪಿಯದು ಎಚ್‌ಪಿ-ಯುಎಕ್ಸ್, ಸನ್‌ನದು ಸೋಲಾರಿಸ್. ಒಂದಕ್ಕೆ ಬರೆದ ಪ್ರೋಗ್ರಾಂ ಎಷ್ಟೋ ಸಲ ಇನ್ನೊಂದರಲ್ಲಿ ತಿದ್ದದೆ ಓಡುತ್ತಿರಲಿಲ್ಲ. ಇಂದು ಆಂಡ್ರಾಯ್ಡ್‌ನದೂ ಅದೇ ಪಾಡು. ಸ್ಯಾಮ್‌ಸಂಗ್, ಶಿಯೋಮಿ ಅದನ್ನು ತಮ್ಮ ತಮ್ಮ ಫೋನಿಗೆ ಬೇಕಾದಂತೆ ಬದಲಿಸುತ್ತವೆ. ಒಂದೇ ಆವೃತ್ತಿಯ ಎರಡು ಫೋನುಗಳಲ್ಲಿ ಸೆಟ್ಟಿಂಗ್ಸ್ ಬೇರೆ ಬೇರೆ ಕಡೆ ಇರುತ್ತದೆ. ಒಂದಕ್ಕೆ ಬಂದ ಸುರಕ್ಷತಾ ಅಪ್‌ಡೇಟ್ ಇನ್ನೊಂದಕ್ಕೆ ತಿಂಗಳುಗಟ್ಟಲೆ ಬರುವುದಿಲ್ಲ. ಇದರ ನಷ್ಟ ಪೂರ್ತಿ ಬಳಸುವವರದೇ.

ಹಾಗೆಂದು ಕವಲೆಲ್ಲ ಕೇಡಲ್ಲ. ಮೈಸೂರಿನ ಪಕ್ಕದ ಶ್ರೀರಂಗಪಟ್ಟಣದಲ್ಲಿ ಕಾವೇರಿ ಎರಡಾಗಿ ಊರನ್ನು ಬಳಸಿ, ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ಜಿಸಿಸಿ ಕಂಪೈಲರ್‌ನ ಕಥೆಯೂ ಹಾಗೆಯೇ. ಕೆಲಸ ನಿಧಾನವಾಯಿತೆಂದು 1997ರಲ್ಲಿ ಕೆಲವರು ಇಜಿಸಿಎಸ್ ಎಂಬ ಕವಲು ಒಡೆದರು. ಅದು ಎಷ್ಟು ಚೆನ್ನಾಗಿ ಬೆಳೆಯಿತೆಂದರೆ 1999ರಲ್ಲಿ ಅದನ್ನೇ ಅಧಿಕೃತ ಜಿಸಿಸಿ ಎಂದು ಒಪ್ಪಿಕೊಳ್ಳಲಾಯಿತು. 2004ರಲ್ಲಿ ಡೆಬಿಯನ್ ಎಂಬ ಕಾರ್ಯಾಚರಣ ವ್ಯವಸ್ಥೆಯಿಂದ ಹೊರಟ ಉಬುಂಟು ಹಾಗೆ ಕೂಡಲಿಲ್ಲ. ಆದರೂ ಇಂದಿಗೂ ಡೆಬಿಯನ್‌ನ ಪ್ಯಾಕೇಜುಗಳನ್ನು ತರಿಸಿಕೊಳ್ಳುತ್ತಲೇ ಇದೆ.

ಮರದ ಕವಲು ಕೂಡುವುದಿಲ್ಲ, ಹೊಳೆಯದು ಕೂಡಬಹುದು. ನಮ್ಮ ಪದ ಎರಡನ್ನೂ ಒಳಗೊಳ್ಳುತ್ತದೆ. ಜೊತೆಗೆ ಕವಲೊಡೆ ಎಂಬ ಕ್ರಿಯಾಪದವೂ ಸಿದ್ಧವಾಗಿದೆ. ತಂತ್ರಾಂಶದ ಬಗ್ಗೆ ಕನ್ನಡದಲ್ಲಿ ಬರೆಯುವವರು ಬ್ರಾಂಚ್‌ಗೆ ಶಾಖೆಯನ್ನು ಇಟ್ಟುಕೊಂಡು, ಫೋರ್ಕ್‌ಗೆ ಧೈರ್ಯವಾಗಿ ಕವಲು ಎಂದೇ ಬರೆಯಲಿ.